ಬಸಿರಿ ಉಣುಗಿನ ಹಸಿವು

1957ರ ಬೇಸಿಗೆ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೆಂಪು ಮಂಗಗಳೂ ಸತ್ತು ಬೀಳುತ್ತಿದ್ದವು. ಸುತ್ತಲ ಊರುಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ದಿಗಿಲು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಾಣು. ಅದನ್ನು ಹರಡುತ್ತಿದ್ದುದು ಸೊಳ್ಳೆಯಲ್ಲ, ಉಣುಗು. ಸೊರಬ, ಸಾಗರ, ಶಿಕಾರಿಪುರದ ಕಾಡಂಚಿನವರಿಗೆ ಅದು ಮಂಗನ ಕಾಯಿಲೆಯಾಯಿತು.

ದರಗು ಗುಡಿಸಲು, ಸೌದೆ ತರಲು ಹೋದವರನ್ನು ಬೇಸಿಗೆಯಲ್ಲಿ ಕಚ್ಚುವುದು ಬಹುಪಾಲು ಮರಿ ಉಣುಗು. ಆದರೆ ಕಾಯಿಲೆಯ ಬುಡ ಹಿಂದಿನ ಮಳೆಗಾಲದಲ್ಲಿದೆ, ತಾಯಿ ಉಣುಗಿನ ಹೊಟ್ಟೆಯಲ್ಲಿದೆ.

ಮಳೆಗಾಲದಲ್ಲಿ ಕಾಡಿಗೆ ಮೇಯಲು ಹೋದ ದನದ ಕಿವಿಯೊಳಗೆ, ಗಂಗೆದೊಗಲಿನಡಿ ಬೆರಳಾಡಿಸಿ ನೋಡಿ. ಎಳ್ಳಿನಷ್ಟು ಚಪ್ಪಟೆಯಾಗಿ ಕಚ್ಚಿಕೊಂಡವುಗಳ ಪಕ್ಕದಲ್ಲೇ ಬೂದುಬಣ್ಣಕ್ಕೆ ತಿರುಗಿ ಉಬ್ಬಿದವೂ ಇರುತ್ತವೆ. ಉಬ್ಬಿದ್ದು ಗಂಡನ್ನು ಕೂಡಿದ ಹೆಣ್ಣು. ಕೂಡುವುದೂ ದನದ ಮೈಮೇಲೆಯೇ. ಗಂಡು ಸಿಗದ ಹೆಣ್ಣು ದಿನಗಟ್ಟಲೆ ಕಚ್ಚಿಕೊಂಡೇ ಇದ್ದರೂ ಅಷ್ಟಿಷ್ಟು ಹೀರಿ ನಿಲ್ಲುತ್ತದೆ. ಅದರ ತೂಕ ಸುಮಾರು ಹತ್ತು ಪಟ್ಟು ಏರಿದರೆ ಹೆಚ್ಚು. ಕೂಡಿದ ಹೆಣ್ಣು ಕೊನೆಯ ಒಂದೆರಡು ದಿನಗಳಲ್ಲಿ ಗಟಗಟನೆ ಹೀರಿ ನೂರು ಪಟ್ಟಿನವರೆಗೆ ಬೆಳೆದು ಕಳಚಿ ಬೀಳುತ್ತದೆ. ತರಗೆಲೆಗಳ ನಡುವೆ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ.

ಈ ಹಸಿವಿನ ಕೀಲಿ ಗಂಡಿನಲ್ಲಿದೆ. ಕೆನಡಾದ ವೈಸ್ ಮತ್ತು ಕಾಫ್‌ಮನ್ ಆಫ್ರಿಕಾದ ಒಂದು ಜಾತಿಯ ಉಣುಗಿನಲ್ಲಿ ಇದನ್ನು ಕಂಡುಕೊಂಡದ್ದು 2004ರಲ್ಲಿ: ಗಂಡಿನ ವೃಷಣದಲ್ಲಿ ಹುಟ್ಟುವ ಎರಡು ಪ್ರೋಟೀನ್‌ಗಳು ಒಟ್ಟಾಗಿ, ಕೂಡದ ಹೆಣ್ಣನ್ನೂ ಹೊಟ್ಟೆಬಿರಿಯ ಹೀರುವಂತೆ ಮಾಡಿದವು. ಹಣ್ಣಿನ ನೊಣದಲ್ಲೂ ಇಂಥದೇ ವ್ಯವಸ್ಥೆ. ಕೂಡಿದ ಮೇಲೆ ಗಂಡಿನಿಂದ ಬಂದ ಪೆಪ್ಟೈಡ್ ಹೆಣ್ಣಿಗೆ ಯೀಸ್ಟ್ ಮತ್ತು ಉಪ್ಪಿನ ಬಯಕೆ ಹುಟ್ಟಿಸುತ್ತದೆ. ಇದನ್ನು ಹೊಟ್ಟೆಬಾಕತನ ಎನ್ನುವಂತಿಲ್ಲ. ಮೊಟ್ಟೆ ಕಟ್ಟುವುದಕ್ಕೆ ಬೇಕಾದ ಬಂಡವಾಳ ಅದು.

ಆ ಬಂಡವಾಳ ಒದಗಿಸಿದ್ದು ಯಾರು? ಕಾಡಂಚಿಗೆ ವಸತಿ ಬೆಳೆದು ದನಗಳು ಮೇಯಲು ಒಳನುಗ್ಗಿದ್ದೇ ಉಣುಗು ಹೆಚ್ಚಲು ಕಾರಣ ಎಂದು ವಿಜ್ಞಾನಿ ಬೋಶೆಲ್ 1969ರಲ್ಲೇ ಬರೆದರು. ದನ ಈ ವೈರಾಣುವನ್ನು ಬೆಳೆಸುವುದಿಲ್ಲ, ತಾಯಿ ಉಣುಗನ್ನು ಸಾಕುತ್ತದೆ. ಮೊಟ್ಟೆಯೊಡೆದ ಮರಿಗಳು ಸೋಂಕಿದ ಮಂಗವನ್ನೋ ಇಲಿಯನ್ನೋ ಹೀರಿ ವೈರಾಣು ಪಡೆದು, ಮುಂದಿನ ಹಂತದಲ್ಲಿ ಮನುಷ್ಯನಿಗೆ ಅಂಟುತ್ತವೆ.

ಹಾಗಾಗಿ ಮಳೆಗಾಲದಲ್ಲೇ ದನದ ಮೈ ನೋಡಿ, ಪಶುವೈದ್ಯರನ್ನು ಕೇಳಿ ಔಷಧಿ ಹಚ್ಚಿ. ಉಣುಗನ್ನು ಬರಿಗೈಯಲ್ಲಿ ಹೊಸಕಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.