ಎರಡು ಎಕರೆ ಇಪ್ಪತ್ತು ಗುಂಟೆಯ ಲೆಕ್ಕ

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲ ಐದು ಹಳ್ಳಿಗಳಲ್ಲಿ ಹರಡಿರುವ 2,050 ಮೆಗಾವಾಟ್ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಶುರುವಿನ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಈ ಹಣದ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್ ಬರೆದುಕೊಡೆಂದು ಎಐ ಸಹಾಯಕನಿಗೆ ಹೇಳಿದಿರಿ ಎಂದಿಟ್ಟುಕೊಳ್ಳಿ. ಕಣ್ಣು ಮಿಟುಕಿಸುವಷ್ಟರಲ್ಲಿ ಅಚ್ಚುಕಟ್ಟಾದ ಕೋಡ್ ಬರುತ್ತದೆ. ಪಹಣಿಯಲ್ಲಿ 2.20 ಎಂದಿರುವ ಜಮೀನಿಗೆ ಅದು 46,200 ರೂಪಾಯಿ ತೋರಿಸಿದರೆ ಆಶ್ಚರ್ಯವಿಲ್ಲ.

ಪಹಣಿಯ 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಅಲ್ಲಿಗೆ ಎರಡೂವರೆ ಎಕರೆ, 52,500 ರೂಪಾಯಿ. ರೈತನಿಗೆ 6,300 ಖೋತಾ! ಪ್ರೋಗ್ರಾಮ್ ಮಾತ್ರ ಎಲ್ಲೂ ತಡವರಿಸುವುದಿಲ್ಲ. ಸಹಾಯಕನ ಹಿಂದಿರುವ ಭಾಷಾ ಮಾದರಿ ತಾನು ಓದಿದ ರಾಶಿ ರಾಶಿ ಕೋಡಿನಲ್ಲಿ ಹೆಚ್ಚಾಗಿ ಕಂಡ ಜಾಡನ್ನೇ ಹಿಡಿಯುತ್ತದೆ. ಅಲ್ಲಿ ಚುಕ್ಕೆ ಎಂದರೆ ದಶಮಾಂಶ. ಗುಂಟೆಯ ವಿಷಯ ನಾವು ಹೇಳಬೇಕು.

ಕೋಡಿನ ಪರೀಕ್ಷೆಯನ್ನೂ ನೀನೇ ಬರೆ ಎಂದರೆ ಕೆಲಸ ಇನ್ನೂ ಕೆಡುತ್ತದೆ. 46,200 ಬಂದರೆ ಪಾಸು ಎಂದು ಅದೇ ಬರೆದು, ಅದೇ ಹಸಿರು ಗುರುತು ಹಾಕುತ್ತದೆ. ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆ ತಿದ್ದಿದ ಹಾಗೆ. ಸರಿಯುತ್ತರ ಕೋಡಿನ ಹೊರಗಿನಿಂದ ಬರಬೇಕು: ಗ್ರಾಮ ಆಡಳಿತ ಅಧಿಕಾರಿಯೋ ಸರ್ವೆಯರೋ ಕಾಗದದ ಮೇಲೆ ಹಾಕಿದ ನಾಲ್ಕಾರು ಲೆಕ್ಕ ಸಾಕು. 2.05ಕ್ಕೆ 1.38 ಕೂಡಿದರೆ 4.03 ಬರಬೇಕು. 3.43 ಬಂತೋ, ಆ ಕೋಡನ್ನು ಒಳಗೆ ಬಿಡಬಾರದು. ಗುಂಟೆಯ ಜಾಗದಲ್ಲಿ 40 ಅಥವಾ ಅದನ್ನು ದಾಟಿದ ಅಂಕಿ ಇರುವುದೇ ಸಾಧ್ಯವಿಲ್ಲ. ಇದಕ್ಕಿಂತ ಸುಲಭದ ದಾರಿ, ವಿಸ್ತೀರ್ಣವನ್ನೆಲ್ಲ ಗುಂಟೆಯಲ್ಲೇ ಇಡುವುದು: 2.20 ಎಂದರೆ 100 ಗುಂಟೆ, ಗುಂಟೆಗೆ 525 ರೂಪಾಯಿ. ಆಣೆಯವರೆಗಿನ ಲೆಕ್ಕ ಬೇಕಿದ್ದರೆ ಗುಂಟೆಗೆ 16 ಆಣೆ.

ಸಹಾಯಕನ ಇನ್ನೊಂದು ಚಾಳಿ ನಕಲು. ಮಧುಗಿರಿ ಉಪವಿಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ನಾಲ್ಕು ತಾಲ್ಲೂಕು. ಒಂದೊಂದಕ್ಕೂ ಜಮೀನಿನ ವರದಿ ಬೇಕೆಂದು ಬೇರೆಬೇರೆ ದಿನ ಕೇಳಿದರೆ ಗುಂಟೆ ಲೆಕ್ಕದ ಸಾಲುಗಳು ನಾಲ್ಕು ಕಡೆ ಕೂತಿರುತ್ತವೆ. ಪಾವಗಡದ್ದನ್ನು ತಿದ್ದಿದಿರಿ, ಶಿರಾದ್ದು ತಪ್ಪಾಗಿಯೇ ಓಡುತ್ತಿರುತ್ತದೆ. ಲೆಕ್ಕ ಒಂದೇ ಕಡೆ ಇರಲಿ, ನಾಲ್ಕೂ ವರದಿಗಳು ಅದನ್ನೇ ಕರೆಯಲಿ ಎಂದು ಮೊದಲೇ ತಾಕೀತು ಮಾಡುವುದು ಒಳ್ಳೆಯದು. ಬದಲಾವಣೆಯನ್ನೂ ಸಣ್ಣ ಸಣ್ಣ ತುಂಡಾಗಿ ಕೇಳಬೇಕು. ಸಾವಿರ ಸಾಲನ್ನು ಒಟ್ಟಿಗೆ ಸುರಿದರೆ ಯಾರೂ ಓದುವುದಿಲ್ಲ.

ಇನ್ನು ಆ ಶೇ 5. ಎರಡನೇ ಏರಿಕೆಯ ಹೊತ್ತಿಗೆ ಎಕರೆಯ ದರ 23,100 ಆಗಬೇಕೋ, ಏರಿದ್ದರ ಮೇಲೆ ಮತ್ತೆ ಏರಿಸಿ 23,152.50 ಆಗಬೇಕೋ? ಸಹಾಯಕ ಎಷ್ಟೋ ಸಲ ಕೇಳುವುದೇ ಇಲ್ಲ, ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ. ಕರಾರು ಪತ್ರ ತೆಗೆದು ನೋಡಿ, ಆ ಷರತ್ತಿನ ಸಂಖ್ಯೆಯನ್ನು ಕೋಡಿನ ಪಕ್ಕದಲ್ಲೇ ಬರೆದಿಡಬೇಕಾದವರು ಕೋಡ್ ಕೇಳಿದವರೇ.