ಹವಳದ ದ್ವೀಪಗಳನ್ನು ಅರಿಯುವ ಬಗೆ

ಹವಳವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಸರದ ಕೆಂಪು ಮಣಿ. ಸಮುದ್ರದಲ್ಲಿ ದ್ವೀಪಗಳನ್ನೇ ಕಟ್ಟುವ ಹವಳಗಳು ಬೇರೆ ಜಾತಿಯವು. ಪುಸ್ತಕದ ಓದಿನಿಂದಷ್ಟೇ ಅವುಗಳ ಬಾಳು ಮನಸ್ಸಿಗೆ ಇಳಿಯದು. ಆದ್ದರಿಂದ ಭೂಪಟ, ಬೋಗುಣಿ, ಚಿಪ್ಪು, ಹಗ್ಗ ಮುಂತಾದ ಸುಲಭ ಸಾಧನಗಳಿಂದ ಕಲಿಯುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಭೂಪಟವನ್ನು ಬಿಡಿಸೋಣ. ಕಾಸರಗೋಡಿನಿಂದ ನೈಋತ್ಯಕ್ಕೆ, ಅರಬ್ಬಿ ಸಮುದ್ರದಲ್ಲಿ, ಲಕ್ಷದ್ವೀಪದ ಚುಕ್ಕೆಗಳಿವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಾಸರಗೋಡು ಆಗ ಅದೇ ಜಿಲ್ಲೆಯ ತಾಲೂಕು. ನಮ್ಮ ಹಿರಿಯರ ಜಿಲ್ಲೆಯ ಈ ನೆಲವೆಲ್ಲ ಹವಳದಿಂದಾದುದು. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಎತ್ತರದ್ದು.

ಇಂತಹ ದ್ವೀಪ ಹುಟ್ಟುವುದು ಹೇಗೆ? ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟಿಸಿದ ವಿವರಣೆಯನ್ನು ಬೋಗುಣಿಯಲ್ಲಿ ತೋರಿಸಬಹುದು. ನಡುವೆ ಜೇಡಿಮಣ್ಣಿನ ಗುಡ್ಡ ಮಾಡಿ ಸುತ್ತಲೂ ಸಣ್ಣ ಕಲ್ಲುಗಳನ್ನು ಜೋಡಿಸಿರಿ. ನೀರನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ, ಕಲ್ಲಿನ ಮೇಲೆ ಕಲ್ಲು ಇಡುತ್ತ ಹೋಗಿರಿ. ಕೊನೆಗೆ ಗುಡ್ಡ ಮುಳುಗಿ ಕಲ್ಲಿನ ಉಂಗುರ ಮಾತ್ರ ಉಳಿಯುತ್ತದೆ. ಹಾಗೆಯೇ ಜ್ವಾಲಾಮುಖಿಯ ಗುಡ್ಡ ಕುಸಿಯುತ್ತ ಹೋದಂತೆ ಹವಳವು ಮೇಲಕ್ಕೆ ಬೆಳೆಯುತ್ತದೆ. ಉಂಗುರದೊಳಗಿನ ಶಾಂತ ನೀರೇ ಲಗೂನು.

ಈ ಕಲ್ಲನ್ನು ಕಟ್ಟುವುದು ಪಾಲಿಪ್ ಎಂಬ ಪುಟ್ಟ ಪ್ರಾಣಿ. ಅದರ ಗೂಡೂ ನಾವು ತಿನ್ನುವ ಮರುವಾಯಿಯ ಚಿಪ್ಪೂ ಒಂದೇ ವಸ್ತುವಿನಿಂದಾದುವು: ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪಿನ ಪುಡಿಗೆ ನಿಂಬೆರಸ ಹಿಂಡಿದರೆ ಗುಳ್ಳೆಗಳೇಳುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಪಾಠಕ್ಕೆಂದು ಹವಳವನ್ನೇ ಕಿತ್ತು ತರುವುದು ಸಲ್ಲದು. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.

ಇನ್ನು ಹಗ್ಗದ ಆಟ. ಒಬ್ಬನು ಪಾಲಿಪ್, ಮತ್ತೊಬ್ಬಳು ಅದರ ದೇಹದೊಳಗೆ ವಾಸಿಸುವ ಸೂಕ್ಷ್ಮ ಪಾಚಿ. ಪಾಚಿಯು ಬಿಸಿಲಿನಿಂದ ಆಹಾರ ತಯಾರಿಸಿ ಪಾಲಿಪ್‌ಗೆ ಕೊಡುತ್ತದೆ. ಪಾಲಿಪ್ ಅದಕ್ಕೆ ಆಶ್ರಯ ಕೊಡುತ್ತದೆ. ಉಳಿದವರು ಹವಳವನ್ನು ಕೆರೆದು ಮರಳು ಮಾಡುವ ಗಿಳಿಮೀನು, ಲಗೂನಿನ ಚಿಕ್ಕ ಮೀನು, ಅದನ್ನು ಗಾಳಕ್ಕೆ ಎರೆಯಾಗಿಸಿ ಟ್ಯೂನಾ ಹಿಡಿಯುವ ಬೆಸ್ತ. ಎಲ್ಲರೂ ಒಂದೇ ಹಗ್ಗವನ್ನು ಬಿಗಿಯಾಗಿ ಹಿಡಿದು ನಿಲ್ಲಲಿ. ಈಗ ಪಾಚಿಯಾದವಳು ಕೈಬಿಟ್ಟರೆ ಎಲ್ಲರ ಹಗ್ಗವೂ ಸಡಿಲವಾಗುತ್ತದೆ.

ಇದು ಬರಿಯ ಆಟವಲ್ಲ. ನೀರು ಬೇಸಿಗೆಯ ವಾಡಿಕೆಯ ಬಿಸಿಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಪಾಲಿಪ್ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಬೇಗನೆ ನೀರು ತಂಪಾದರೆ ಚೇತರಿಸಿಕೊಳ್ಳಬಹುದು. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆಯೇ ಹವಳಗಳು ವ್ಯಾಪಕವಾಗಿ ಬಿಳಿಚಿದವು. ಅಲೆಯ ಹೊಡೆತವನ್ನು ತಡೆಯುವ ಗೋಡೆ ಹವಳವೇ. ಅದು ಸತ್ತು ಸವೆದರೆ ಹಿಂದಿರುವ ತೆಂಗಿನ ತೋಟ, ಸಿಹಿನೀರಿನ ಬಾವಿ, ಮನೆ, ಶಾಲೆ ಎಲ್ಲಕ್ಕೂ ಅಪಾಯ.

ಪಾಲಕರೇ, ಮಗು ಮನೆಯಲ್ಲಿ ಚಿಪ್ಪು, ಬೋಗುಣಿ ಕೇಳಿದರೆ ಕೊಡಿರಿ. ಜೊತೆಗೆ ಕುಳಿತು ನೋಡಿರಿ. ಕಲ್ಲಿದ್ದಲು, ಪೆಟ್ರೋಲು ಉರಿಸುವ ನಮ್ಮ ಬದುಕಿನಿಂದಲೇ ಸಮುದ್ರ ಬಿಸಿಯಾಗುತ್ತಿದೆ. ದ್ವೀಪದ ಮಕ್ಕಳ ಕಾಲಡಿಯ ನೆಲಕ್ಕೂ ನಮ್ಮ ಮನೆಯ ದೀಪಕ್ಕೂ ಸಂಬಂಧವಿದೆಯೆಂದು ಅರಿತ ಮಗು, ಕೋಣೆಯಿಂದ ಹೊರಬರುವಾಗ ದೀಪವಾರಿಸಲು ಮರೆಯದು.