ಎಣ್ಣೆಯ ಉಳಿತಾಯ: ಮನೆಗೂ ಲಾಭ, ದೇಶಕ್ಕೂ ಲಾಭ



ಕೆರೆಯಂಚಿನಲ್ಲಿ ಓಡುವ ಪಂಪಿನ ಎಂಜಿನ್, ಹೊಲ ಉಳುವ ಟ್ರಾಕ್ಟರ್, ಸಂತೆಗೆ ಮಾಲು ಸಾಗಿಸುವ ಲಾರಿ, ಇವೆಲ್ಲವೂ ನಡೆಯುವುದು ಡೀಸೆಲ್ ಎಣ್ಣೆಯಿಂದ. ಈ ಎಣ್ಣೆ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ತಿಳಿದಿರಬೇಕು. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗಿಂತಲೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಅದರ ಬೆಲೆಯನ್ನು ನಿಶ್ಚಯಿಸುವವರು ನಾವಲ್ಲ. ಹಣ ತೆರುವವರು ಮಾತ್ರ ನಾವೇ.

ಇದರಿಂದ ಹಳ್ಳಿಗೇನು ಬಾಧೆ ಎಂದು ಕೇಳಬಹುದು. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ನಡೆಯಿತು. ಅದರ ಹಿಂದೆಯೇ ಕೆಲವೇ ತಿಂಗಳುಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 2022ರಲ್ಲಿ ರಷ್ಯಾ ದೇಶವು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗಲೂ ಬೆಲೆ ಪೀಪಾಯಿಗೆ 100 ಡಾಲರನ್ನು ದಾಟಿತು. ಡೀಸೆಲ್ ದರ ಏರಿದರೆ ಬಾಡಿಗೆ ಟ್ರಾಕ್ಟರಿನ ದರವೂ, ಗೊಬ್ಬರದ ಸಾಗಾಣಿಕೆಯೂ ಏರುತ್ತವೆ. ರಾಗಿಯ ಬೆಲೆ ಅದರ ಜೊತೆಯಲ್ಲಿ ಏರುವುದೆಂಬ ಭರವಸೆಯಿಲ್ಲ. ಸ್ವಂತ ಎಂಜಿನ್ ಇಲ್ಲದ ಬಡ ರೈತನಿಗೂ ಈ ಏಟು ತಪ್ಪದು.

ಹಾಗಾದರೆ ನಮ್ಮಲ್ಲಿಯೇ ಎಣ್ಣೆ ತೆಗೆಯಬಾರದೇ? ತೆಗೆಯುತ್ತಲೇ ಇದ್ದೇವೆ. 1974ರಲ್ಲಿ ಮುಂಬಯಿಯ ಪಶ್ಚಿಮಕ್ಕೆ ಸಮುದ್ರದ ತಳದಲ್ಲಿ ದೊಡ್ಡ ಎಣ್ಣೆನಿಕ್ಷೇಪ ಸಿಕ್ಕಿತು. 1985-86ರ ವೇಳೆಗೆ ದೇಶದ ಉತ್ಪತ್ತಿ ಸುಮಾರು 3 ಕೋಟಿ ಟನ್ನು, ಬಳಕೆ ಸುಮಾರು 4 ಕೋಟಿ ಟನ್ನು ಇತ್ತು. 2023-24ರಲ್ಲಿಯೂ ಉತ್ಪತ್ತಿ 3 ಕೋಟಿ ಟನ್ನಿನ ಆಸುಪಾಸಿನಲ್ಲಿಯೇ ಇತ್ತು; ಬಳಕೆ ಮಾತ್ರ 23 ಕೋಟಿ ಟನ್ನನ್ನು ಮೀರಿತ್ತು. ಹಾಸಿಗೆ ಅಷ್ಟೇ ಇದೆ, ಕಾಲು ಉದ್ದವಾಗಿದೆ. ಉಳಿತಾಯ ಒಂದರಿಂದಲೇ ಈ ಕೊರತೆಯೆಲ್ಲ ನೀಗದು, ನಿಜ. ಆದರೆ ಉರಿಸದೆ ಉಳಿಸಿದ ಲೀಟರನ್ನು ಯಾರಿಂದಲೂ ಕೊಳ್ಳಬೇಕಾಗಿಲ್ಲ. ಈ ಉಳಿತಾಯಕ್ಕೆ ಹೊಸ ಬಾವಿಯೂ ಬೇಡ, ಹಡಗೂ ಬೇಡ.

ಪಂಪಿನ ಎಂಜಿನ್

ನಮ್ಮ ರಾಜ್ಯದಲ್ಲಿ ಹೆಚ್ಚಿನ ಪಂಪುಸೆಟ್ಟುಗಳು ವಿದ್ಯುತ್ತಿನಿಂದ ನಡೆಯುವಂಥವು. ಆದರೂ ಹೊಳೆ, ಹಳ್ಳ, ಕೆರೆಗಳಿಂದ ನೀರೆತ್ತಲು ಡೀಸೆಲ್ ಎಂಜಿನ್ ಬಳಸುವವರು ಇದ್ದಾರೆ. ಇಂಥವರು ಮೂರು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು ಫುಟ್‌ವಾಲ್ವ್. ಇದರ ಕಂಡಿಗಳು ಕಿರಿದಾಗಿದ್ದರೆ ಅಥವಾ ಪಾಚಿ ಕಟ್ಟಿದ್ದರೆ ನೀರು ಸಲೀಸಾಗಿ ಒಳಗೆ ಬಾರದು. ಎಂಜಿನ್ ಏದುಸಿರು ಬಿಡುತ್ತ ಹೆಚ್ಚು ಎಣ್ಣೆ ಕುಡಿಯುತ್ತದೆ. ಅಗಲವಾದ ಕಂಡಿಗಳುಳ್ಳ, ಐಎಸ್‌ಐ ಗುರುತಿನ ಫುಟ್‌ವಾಲ್ವನ್ನು ಹಾಕಿಸಿ.

ಎರಡನೆಯದು ಪೈಪು. ತುಕ್ಕು ಹಿಡಿದ ಸಣ್ಣ ಕಬ್ಬಿಣದ ಪೈಪಿಗಿಂತ ಒಳಮೈ ನುಣುಪಾದ, ಒಂದು ಅಳತೆ ದೊಡ್ಡದಾದ ಪಿವಿಸಿ ಪೈಪಿನಲ್ಲಿ ನೀರಿಗೆ ತಡೆ ಕಡಿಮೆ. ತಿರುವುಗಳು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ತಿರುಗಿಸಲೇಬೇಕಾದಲ್ಲಿ ಮೂಲೆಯಂತೆ ಮುರಿಯುವ ಎಲ್ಬೋ ಬದಲು ಉದ್ದವಾಗಿ ಬಾಗಿದ ಬೆಂಡನ್ನು ಉಪಯೋಗಿಸಿ.

ಮೂರನೆಯದು ಎತ್ತರ. ನೀರು ಬೀಳುವ ಬಾಯನ್ನು ಕಾಲುವೆಯ ಮಟ್ಟಕ್ಕಿಂತ ಮೇಲಕ್ಕೆ ಎತ್ತಿ ಕಟ್ಟುವ ರೂಢಿ ಅನೇಕ ಕಡೆ ಇದೆ. ನೋಡಲು ಚೆಂದ, ಖರ್ಚು ಮಾತ್ರ ದಂಡ. ಒಟ್ಟು 10 ಮೀಟರ್ ಎತ್ತಬೇಕಾದಲ್ಲಿ 1 ಮೀಟರ್ ಹೆಚ್ಚು ಎತ್ತಿದರೆ, ಸುಮಾರು ಹತ್ತರಲ್ಲೊಂದು ಪಾಲು ಎಣ್ಣೆ ಸುಮ್ಮನೆ ಹೋಯಿತೆಂದೇ ತಿಳಿಯಿರಿ.

ಲೆಕ್ಕ ನೋಡಿ. 5 ಅಶ್ವಶಕ್ತಿಯ ಎಂಜಿನ್ ಗಂಟೆಗೆ ಸುಮಾರು 1 ಲೀಟರ್ ಡೀಸೆಲ್ ತಿನ್ನುತ್ತದೆ. ದಿನಕ್ಕೆ 5 ಗಂಟೆಯಂತೆ 100 ದಿನ ನಡೆಸಿದರೆ 500 ಲೀಟರ್. ಈ ಸುಧಾರಣೆಗಳಿಂದ ಐದರಲ್ಲೊಂದು ಪಾಲು ಉಳಿದರೂ 100 ಲೀಟರ್ ಉಳಿಯಿತು. ಅದನ್ನು ನಿಮ್ಮೂರ ಬಂಕಿನ ದರದಿಂದ ನೀವೇ ಗುಣಿಸಿ ನೋಡಿ. ಕೇಂದ್ರ ಸರ್ಕಾರವು 1978ರಲ್ಲಿ ಸ್ಥಾಪಿಸಿದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವೂ ಪಂಪುಸೆಟ್ಟುಗಳ ಇಂಥ ಸುಧಾರಣೆಗಳನ್ನೇ ರೈತರಿಗೆ ಸೂಚಿಸುತ್ತ ಬಂದಿದೆ.

ಟ್ರಾಕ್ಟರ್

ಹೊಗೆಕೊಳವೆಯಿಂದ ಕಪ್ಪು ಹೊಗೆ ಬಂದರೆ, ಪೂರ್ತಿ ಉರಿಯದ ಡೀಸೆಲ್ ಹೊರಗೆ ಹೋಗುತ್ತಿದೆ ಎಂದರ್ಥ. ಏರ್ ಫಿಲ್ಟರಿನಲ್ಲಿ ಧೂಳು ತುಂಬಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು, ಇಲ್ಲವೇ ಎಂಜಿನ್ ಮೇಲೆ ಮಿತಿಮೀರಿದ ಭಾರ ಬಿದ್ದಿರಬಹುದು. ತಡಮಾಡದೆ ಮೆಕ್ಯಾನಿಕ್ಕಿಗೆ ತೋರಿಸಿ. ಮಾತಿಗೆ ನಿಂತಾಗ ಎಂಜಿನ್ ಆರಿಸಿ. ಹೊಲವನ್ನು ಉದ್ದುದ್ದಕ್ಕೆ ಉತ್ತರೆ ತಿರುವುಗಳು ಕಡಿಮೆಯಾಗುತ್ತವೆ. ಡೀಸೆಲ್ ಕೊಳವೆಯ ಕೀಲಿನಲ್ಲಿ ಹನಿ ಸೋರುತ್ತಿದ್ದರೆ ರಾತ್ರಿ ಅದರ ಕೆಳಗೆ ಒಂದು ಸೀಸೆಯನ್ನಿಟ್ಟು ಬೆಳಿಗ್ಗೆ ನೋಡಿ. ನಷ್ಟ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಕೆಲಸ ಎಲ್ಲರೂ ಕೂಡಿ ಮಾಡತಕ್ಕದ್ದು. ಇಂದು ಊರಿನ ಮೂಡಲಿಗೊಂದು ಹೊಲ, ನಾಳೆ ಪಡುವಲಿಗೊಂದು ಹೊಲ ಎಂದು ಬಾಡಿಗೆ ಟ್ರಾಕ್ಟರ್ ಅಲೆದಾಡಿದರೆ ಉಳುಮೆಗಿಂತ ಓಡಾಟಕ್ಕೇ ಎಣ್ಣೆ ಸವೆಯುತ್ತದೆ. ಅಕ್ಕಪಕ್ಕದ ಹೊಲದವರು ಮೊದಲೇ ಮಾತಾಡಿಕೊಂಡು ಒಂದೇ ದಿನ ಉಳುಮೆ ಮಾಡಿಸಿದರೆ ಮಾಲೀಕನಿಗೂ ಉಳಿತಾಯ. ಆಗ ಬಾಡಿಗೆಯಲ್ಲಿ ರಿಯಾಯಿತಿ ಕೇಳಲು ನಿಮಗೂ ಬಾಯಿ ಬರುತ್ತದೆ.

ಅಡಿಗೆಮನೆ

ಸಹೋದರಿಯರು ಈ ಭಾಗವನ್ನು ಓದಬೇಕು, ಗಂಡಸರೂ ಓದಬೇಕು. ಅಡಿಗೆ ಅನಿಲದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದೇ. ಹುರುಳಿ, ಅವರೆ, ಕಡಲೆಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಪಾತ್ರೆಗೆ ಮುಚ್ಚಳವಿರಲಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ. ಕುದಿಯುವ ನೀರು ಎಷ್ಟು ಉರಿಸಿದರೂ ಅದಕ್ಕಿಂತ ಹೆಚ್ಚು ಬಿಸಿಯಾಗದು. ಸ್ನಾನದ ನೀರಿಗೆ ಅನಿಲ ಉರಿಸಬೇಡಿ. ಹಂಡೆಯ ಒಲೆಗೆ ತೆಂಗಿನ ಮಟ್ಟೆ, ಗರಿ ಸಾಕು. ತಿಂಗಳು ಬರುತ್ತಿದ್ದ ಸಿಲಿಂಡರ್ 36 ದಿನ ಬಂದರೆ ವರ್ಷಕ್ಕೆ ಹನ್ನೆರಡರ ಬದಲು ಹತ್ತೇ ಸಾಕಾಗುತ್ತದೆ.

ಲೆಕ್ಕ ಬರೆದಿಡಿ

ಅಳೆಯದೆ ಉಳಿಸಲಾಗದು. ಒಂದು ನೋಟ್‌ಬುಕ್ಕಿನಲ್ಲಿ ಈ ತಿಂಗಳು ಎಂಜಿನ್ ಎಷ್ಟು ಗಂಟೆ ನಡೆಯಿತು, ಎಷ್ಟು ಲೀಟರ್ ಹಾಕಿದಿರಿ, ಎಷ್ಟು ಗುಂಟೆಗೆ ನೀರು ಹಾಯಿತು ಎಂದು ಬರೆಯಿರಿ. ಮುಂದಿನ ತಿಂಗಳು ಫುಟ್‌ವಾಲ್ವ್ ಬದಲಿಸಿ, ಪೈಪಿನ ಬಾಯಿ ತಗ್ಗಿಸಿ, ಮತ್ತೆ ಬರೆಯಿರಿ. ಎರಡು ಹಾಳೆಗಳನ್ನೂ ಗ್ರಾಮಸಭೆಗೆ ತನ್ನಿ. ನೂರು ಭಾಷಣಗಳಿಗಿಂತ ನಿಮ್ಮ ಕೈಬರಹದ ಆ ಲೆಕ್ಕವನ್ನು ನೆರೆಯವರು ಬೇಗ ನಂಬುತ್ತಾರೆ.